ಹಕ್ಕಿ ಬಾರದ ಗದ್ದೆಯ ಆಳು ಲೆಕ್ಕ

ಹೆಂಗಸು ಅಂದ್ರೆ ಮುಕ್ಕಾಲು ಗಂಡಸು ಅನ್ನೋದು ನಾನು ಕಟ್ಟಿದ ಮಾತಲ್ಲ ಕಣೇ ನಿವಿ, ಹಾಗೆ ಕಣ್ಣು ಬಿಡ್ಬೇಡ, ನಮ್ಮ ಆಫೀಸಲ್ಲಿ ಅದು ಅಚ್ಚಾಗಿತ್ತು. ಗಂಡಸೊಬ್ಬ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಗದ್ದೇಲಿ ದುಡಿದ್ರೆ ಒಂದು ಆಳು, ಹೆಂಗಸು ಅಷ್ಟೇ ಹೊತ್ತು ಸೊಂಟ ಬಗ್ಗಿಸಿ ನಾಟಿ ಹಾಕಿದ್ರೆ ಮುಕ್ಕಾಲು ಆಳು, ಮಕ್ಕಳು ಅರ್ಧ. ಹೀಗೆ ಊರಿನೋರನ್ನೆಲ್ಲಾ ಗಂಡಸರಾಗಿ ಮಾಡಿ ಕೂಡಿಸಿ, ಬೆಳೆದ ಭತ್ತಾನ ಅದರಿಂದ ಭಾಗಿಸಿದ್ರೆ ಆ ಊರು ಎಷ್ಟು ದಕ್ಷ ಅಂತ ಗೊತ್ತಾಗುತ್ತೆ. ಮೊದಲನೇ ದಿನವೇ ನಾನು ಕೇಳ್ದೆ, ನಮ್ಮ ಮೇಲಿನವರು ಸೇತು ಸಾರ್ ಅಂತ, ಒಳ್ಳೇ ಮನುಷ್ಯ, ಹೊರದೇಶದಲ್ಲಿ ಓದ್ಕೊಂಡು ಬಂದಿದ್ರು, ಅವರನ್ನ ಕೇಳ್ದೆ, "ಸಾರ್, ನಾಟಿ ಹಾಕೋರು ಹೆಂಗಸ್ರೇ ಅಲ್ವಾ, ಗಂಡಸ್ರು ಬದು ಮೇಲೆ ನಿಂತಿರ್ತಾರೆ." ಅವರು ನಗ್ಲೂ ಇಲ್ಲ, ಸಿಟ್ಟೂ ಮಾಡ್ಲಿಲ್ಲ. "ಅಮ್ಮಾ, ಬದು ಮೇಲೆ ನಿಲ್ಲೋದು ಮೇಲ್ವಿಚಾರಣೆ. ಅದು ಒಂದು ಆಳು" ಅಂದ್ರು. ಸರಿ ಅಂತ ಬರ್ಕೊಂಡೆ. ಸಂಬಳ ಕೊಡೋರು ಲೆಕ್ಕ ಹೇಳ್ವಾಗ ಎದುರು ಲೆಕ್ಕ ಹಾಕ್ಬಾರ್ದು, ಅಷ್ಟು ಬುದ್ಧಿ ಆ ವಯಸ್ಸಿಗೆ ಬಂದಿತ್ತು ನನಗೆ.

ಆ ಆಫೀಸು ಇದ್ದದ್ದು ಮದರಾಸಿನ ಅಂಚಲ್ಲಿ, ಪೆರುಂಗುಡೀಲಿ. ಈಗ ನೀವು ನೋಡ್ತೀರಲ್ಲ ಗಾಜಿನ ಕಟ್ಟಡಗಳು, ಅವೆಲ್ಲಾ ಆಗ ಒಂದೊಂದಾಗಿ ಏಳ್ತಿದ್ವು, ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರ್ಬೇಕು, ಅಲ್ಲ, ನಿಮ್ಮಪ್ಪ ಹತ್ತನೇ ಕ್ಲಾಸಲ್ಲಿದ್ದ, ಲೆಕ್ಕ ನೀವೇ ಹಾಕ್ಕೊಳಿ. ನಮ್ಮ ಕಟ್ಟಡ ನಿಂತ ಜಾಗ ಮೊದ್ಲು ಗದ್ದೆ ಆಗಿತ್ತಂತೆ, ಗೇಟಿನಲ್ಲಿ ಕೂತಿರ್ತಿದ್ದವನ ಅಪ್ಪನೇ ಅಲ್ಲಿ ಉಳ್ತಿದ್ದನಂತೆ. ಆ ಗದ್ದೆ ಮುಚ್ಚಿ, ಮೇಲೆ ಎರಡನೇ ಮಹಡೀಲಿ ಏಸಿ ಹಾಕ್ಕೊಂಡು ಕೂತು, ಬೇರೆಯವರ ಗದ್ದೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ನಾವು ಅಳೀತಿದ್ವಿ. ಸೇತು ಸಾರ್ ಬೋರ್ಡಿನ ಮೇಲೆ ಒಂದು ಬಾಗಿದ ಗೆರೆ ಎಳೆಯೋರು. ಕಮ್ಮಿ ಆಳು, ಕಮ್ಮಿ ನೀರು, ಕಮ್ಮಿ ಗೊಬ್ಬರದಲ್ಲಿ ಜಾಸ್ತಿ ಭತ್ತ ತೆಗೆಯೋ ಸೀಮೆಗಳೆಲ್ಲಾ ಗೆರೆ ಮೇಲೆ. ಮಿಕ್ಕಿದ್ದೆಲ್ಲಾ ಗೆರೆ ಕೆಳಗೆ ಚುಕ್ಕಿ ಚುಕ್ಕಿ. ಯಾವ ಚುಕ್ಕಿ ಎಷ್ಟು ಕೆಳಗಿದೆ ಅಂತ ಹೇಳೋದು ನಮ್ಮ ಕೆಲಸ. ಯಾಕೆ ಕೆಳಗಿದೆ ಅನ್ನೋದು ಬೇರೆ ಪ್ರಾಜೆಕ್ಟು, ಅದಕ್ಕೆ ಇನ್ನೂ ದುಡ್ಡು ಬಂದಿರ್ಲಿಲ್ಲ.

ನಾನು ಆ ಕೆಲಸಕ್ಕೆ ಹೇಗೆ ಹೋದೆ ಅಂತ ಕೇಳು. ಓದು ಮೈಸೂರಲ್ಲಿ, ಬಿಎಸ್ಸಿ, ಸ್ಟ್ಯಾಟಿಸ್ಟಿಕ್ಸು. ಮದುವೆ ಆಗಿ ಮದರಾಸಿಗೆ ಬಂದ್ಮೇಲೆ ಸ್ಟ್ಯಾಟಿಸ್ಟಿಕ್ಸು ಯಾರಿಗೆ ಬೇಕು, ಹಾಲು ಎಷ್ಟು, ಮೊಸರು ಎಷ್ಟು, ಅಷ್ಟೇ. ಪುರಸೈವಾಕ್ಕಂನಲ್ಲಿ ಒಂದು ಹಳೇ ಮನೇಲಿ ಮೇಲಿನ ಪೋರ್ಷನ್ ನಮ್ಮದು, ಕೆಳಗೆ ಪಾತ್ರೆ ಅಂಗಡಿ, ಹಬ್ಬ ಬಂದ್ರೆ ಬೀದೀಲಿ ಕಾಲಿಡೋಕೆ ಜಾಗ ಇರ್ತಿರ್ಲಿಲ್ಲ. ನಿಮ್ಮ ತಾತ ಒಂದು ಬಟ್ಟೆ ಮಿಲ್ಲಲ್ಲಿ ಫಿಟ್ಟರ್. ಮಗ್ಗ ನಿಂತ್ರೆ ಓಡಿಸೋದು ಅವರ ಕೆಲಸ. ಮನೇಲೂ ಹಾಗೇ, ಫ್ಯಾನು ಕಿರ್ ಅಂದ್ರೆ ಊಟದ ಮಧ್ಯ ಎದ್ದೋಗಿ ಎಣ್ಣೆ ಬಿಡೋರು. ಆ ಮಿಲ್ಲು ಒಂದಿನ ಬಾಗಿಲು ಹಾಕ್ತು. ನಷ್ಟ ಅಂದ್ರು, ಹಳೇ ಯಂತ್ರ ಅಂದ್ರು, ಆಳು ಜಾಸ್ತಿ ಅಂದ್ರು. ಜಾಸ್ತಿ ಆದ ಆಳುಗಳಲ್ಲಿ ನಿಮ್ಮ ತಾತ ಒಬ್ಬರು. ಮೊದಲ ತಿಂಗಳು ದಿನಾ ಹೊರಗೆ ಹೋಗೋರು, ಯಾರನ್ನೋ ನೋಡ್ಬೇಕು ಅನ್ನೋರು. ಆಮೇಲೆ ಹೋಗೋದು ಕಮ್ಮಿ ಆಯ್ತು. ಆಮೇಲೆ ಗಡ್ಡ ತೆಗೆಯೋದು ಬಿಟ್ರು. ಆಮೇಲೆ ತಟ್ಟೆ ಮುಂದೆ ಕೂತ್ರೆ, "ಹಸಿವಿಲ್ಲ ಕಣೇ, ನೀವು ಉಣ್ಣಿ" ಅನ್ನೋಕೆ ಶುರು ಮಾಡಿದ್ರು. ಗಂಡಸು ಹಸಿವಿಲ್ಲ ಅಂತ ದಿನಾ ಹೇಳೋಕೆ ಶುರು ಮಾಡಿದ್ರೆ ಅದು ಹೊಟ್ಟೆ ವಿಷಯ ಅಲ್ಲ ಮಗ. ಆಗ ನಾನು ಆ ಬಿಎಸ್ಸಿ ಸರ್ಟಿಫಿಕೇಟು ಹುಡುಕಿ ತೆಗ್ದೆ.

ಕೆಲಸ ಏನಪ್ಪಾ ಅಂದ್ರೆ, ಮಹಾಬಲಿಪುರಂ ಹಳೇ ರೋಡು ಹಿಡ್ಕೊಂಡು ದಕ್ಷಿಣಕ್ಕೆ ಹೋಗ್ಬೇಕು, ತಿರುಪ್ಪೋರೂರ್ ಆಚೆ ಈಚೆ ಇದ್ದ ಊರುಗಳಿಗೆ. ಕುಯ್ಲಿನ ಹೊತ್ತಿಗೆ ಸರಿಯಾಗಿ ಹೋಗಿ, ಚೀಟಿ ಎತ್ತಿದ ಹಾಗೆ ಯಾವುದೋ ಒಂದು ಗದ್ದೇಲಿ ಯಾವುದೋ ಒಂದು ಮೂಲೆ ಹಿಡಿದು, ನಾಲ್ಕು ಗೂಟ ಹೊಡೆದು, ಹಗ್ಗ ಕಟ್ಟಿ ಚೌಕ ಮಾಡ್ಬೇಕು. ಆ ಚೌಕದೊಳಗಿನ ಪೈರು ಮಾತ್ರ ಕುಯ್ದು, ಅಲ್ಲೇ ಟಾರ್ಪಾಲಿನ ಮೇಲೆ ಬಡಿದು, ತೂರಿ, ತೂಗ್ಬೇಕು. ಒಂದಿಷ್ಟು ಭತ್ತ ಚೀಲದಲ್ಲಿ ಮನೆಗೆ ತಂದು ಒಣಗಿಸಿ ಮತ್ತೆ ತೂಗ್ಬೇಕು, ಯಾಕಂದ್ರೆ ಹಸಿ ಭತ್ತ ಸುಳ್ಳು ಹೇಳುತ್ತೆ. ಗೂಟ, ಸುತ್ತಿಗೆ, ಟಾರ್ಪಾಲು, ಕಬ್ಬಿಣದ ತಕ್ಕಡಿ, ತೂಕಕ್ಕಿಡೋ ಕಬ್ಬಿಣದ ಬೊಟ್ಟು, ಇಷ್ಟೂ ಹೊತ್ಕೊಂಡು ಬಸ್ಸಲ್ಲಿ ಹೋಗ್ಬೇಕು. ತಕ್ಕಡೀನ ಒಂದು ಬಿದಿರಿನ ಗಳುವಿಗೆ ನೇತು ಹಾಕಿ ಒಬ್ಬರು ಹಿಡ್ಕೋಬೇಕು, ಇನ್ನೊಬ್ಬರು ಬೊಟ್ಟು ಇಡ್ಬೇಕು. ಆಫೀಸು ಕಳಿಸ್ತಿದ್ದದ್ದು ಒಬ್ಬರನ್ನ. ಎರಡನೇ ಕೈ ಎಲ್ಲಿಂದ ಬರುತ್ತೆ ಅಂತ ಆಫೀಸಿನ ನಿಯಮದ ಪುಸ್ತಕದಲ್ಲಿ ಬರೆದಿತ್ತು, "ಸ್ಥಳೀಯವಾಗಿ ಲಭ್ಯ." ಕುಯ್ಲಿನ ದಿನ ಯಾವ ಊರಲ್ಲಿ ಯಾವ ಕೈ ಖಾಲಿ ಇರುತ್ತೆ ಹೇಳಿ. ಮೊದಲನೇ ಸಲ ಹೋದಾಗ ಗಳು ಹಿಡಿಯೋಕೆ ಒಬ್ಬ ಸಿಗೋ ಹೊತ್ತಿಗೆ ಕೊನೇ ಬಸ್ಸು ಹೋಗಿತ್ತು. ಮನೆಗೆ ಬಂದು ಕಾಲು ಚಾಚ್ಕೊಂಡು ನಿಮ್ಮ ತಾತನಿಗೆ ಅಂದೆ, ಇದು ನೆನಪಿಟ್ಕೊಳಿ, ಏನಂದೆ ಅಂದ್ರೆ, "ಮನೇಲಿ ಸುಮ್ನೆ ಕೂತು ಏನ್ಮಾಡ್ತೀರಾ, ನೀವೂ ಬನ್ನಿ." ಹಾಗಂದೆ. ನೀವಿಲ್ದೆ ಆಗಲ್ಲ ಅಂತ ಅನ್ಲಿಲ್ಲ. ನಮ್ಮ ಕಡೆ ಗಂಡ ಹೆಂಡ್ತಿ ಹಾಗೆಲ್ಲಾ ಮಾತಾಡ್ತಿರ್ಲಿಲ್ಲ, ಅದು ಸಿನಿಮಾದೋರ ಮಾತು.

ಬಂದ್ರು. ಮುಂದಿನ ಸಲ ಹೊರಡೋ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಗಡ್ಡ ತೆಗೆದಿದ್ರು. ಹಣೆಗೆ ವಿಭೂತಿ, ಮಿಲ್ಲಿನ ಖಾಕಿ ಅಂಗಿ ಇಸ್ತ್ರಿ. ತಕ್ಕಡಿ ಹೆಗಲ ಮೇಲೆ. ಆ ಹಳ್ಳಿಯೋರಿಗೆಲ್ಲಾ ಇವರೇ ಆಫೀಸರು ಅಂತ ಭಾವನೆ, "ವಾಂಗೊ ಸಾರ್, ವಾಂಗೊ", ಬನ್ನಿ ಬನ್ನಿ ಅಂತ ಇವರಿಗೆ ಚಾಪೆ, ನನಗೆ ಬದು. ನಾನು ಬರೀತಾ ಇದ್ರೆ ಯಾರಾದ್ರೂ ಕೇಳೋರು, "ಸಾರ್, ಇಂದಮ್ಮಾ ಉಂಗ ಕ್ಲಾರ್ಕಾ?", ಈಯಮ್ಮ ನಿಮ್ಮ ಕ್ಲಾರ್ಕಾ ಅಂತ. ಇವರು ಗಂಭೀರವಾಗಿ ತಲೆ ಆಡಿಸೋರು, "ಹೌದು, ಮುಕ್ಕಾಲು ಕ್ಲಾರ್ಕು" ಅಂತ. ಬಸ್ಸಲ್ಲಿ ವಾಪಸ್ ಬರ್ವಾಗ ನಂಗೆ ಕೇಳಿದ್ರು, "ಗಂಡಸು ಒಂದು, ಹೆಂಗಸು ಮುಕ್ಕಾಲು, ಸರಿ. ಹೆಂಡ್ತಿ ಹಿಂದೆ ತಕ್ಕಡಿ ಹೊತ್ಕೊಂಡು ಬರೋ ಗಂಡಸು ಎಷ್ಟು?" ನಾನಂದೆ, "ಅದಕ್ಕೆ ಕಾಲಂ ಇಲ್ಲ." ಇಬ್ಬರೂ ನಕ್ವಿ. ಮಿಲ್ಲು ಮುಚ್ಚಿದ್ಮೇಲೆ ಅವರು ನಕ್ಕಿದ್ದು ಅವತ್ತೇ ಅನ್ಸುತ್ತೆ. ಒಣಗಿಸೋ ಕೆಲಸಾನೂ ಅವರೇ ತಗೊಂಡ್ರು. ಮಹಡಿ ಮೇಲೆ ಪಂಚೆ ಹಾಸಿ ಭತ್ತ ಹರಡಿ, ಕೊಡೆ ಹಿಡ್ಕೊಂಡು ಪಕ್ಕದಲ್ಲಿ ಕೂರೋರು, ಕಾಗೆ ಓಡ್ಸೋಕೆ. ಪಾತ್ರೆ ಅಂಗಡಿಯವನು ಕೆಳಗಿಂದ ಕೂಗೋನು, "ಸಾರ್, ವ್ಯವಸಾಯಮಾ?" ಅಂತ. "ಆಮಾ, ಮೊಟ್ಟ ಮಾಡಿ ವ್ಯವಸಾಯ", ಹೌದು, ಮಹಡಿ ಮೇಲಿನ ಬೇಸಾಯ ಅನ್ನೋರು ಇವರು. ಮಧ್ಯಾಹ್ನ ಕೆಳಗಿಳಿದು ಬಂದ್ರೆ ಹಸಿವು ಅನ್ನೋರು. ಎರಡನೇ ಸಲ ಅನ್ನ ಹಾಕಿಸ್ಕೊಳೋರು. ನಾನು ಅಡುಗೆ ಮನೆಗೆ ಹೋಗಿ ಸೆರಗಲ್ಲಿ ಮುಖ ಒರೆಸ್ಕೊಂಡು ಬರ್ತಿದ್ದೆ, ಈರುಳ್ಳಿ ಅಂತ.

ಹೀಗೆ ಎರಡು ಕುಯ್ಲು ಕಳೀತು. ಮೂರನೇ ವರ್ಷಕ್ಕೆ ಆಫೀಸಿನೋರಿಗೆ ಒಂದು ಹೊಸ ಯೋಚನೆ ಬಂತು. ಊರುಗಳ ದಕ್ಷತೆ ಅಳೆಯೋ ನಮ್ಮ ದಕ್ಷತೆ ಎಷ್ಟು ಅಂತ. ನಮ್ಮನ್ನೂ ಚುಕ್ಕಿ ಮಾಡಿ ಗೆರೆ ಕೆಳಗೆ ಇಟ್ರು. ಸೇತು ಸಾರ್ ನನ್ನ ಕರೆದು ಬಹಳ ಸಂಕೋಚದಿಂದ ಹೇಳಿದ್ರು, "ಅಮ್ಮಾ, ನಿಮ್ಮ ಯಜಮಾನ್ರು ಜೊತೇಲಿ ಬರ್ತಾರಂತಲ್ಲಾ. ಒಬ್ಬರ ಕೆಲಸಕ್ಕೆ ಇಬ್ಬರು ಅಂತ ಲೆಕ್ಕ ಬೀಳುತ್ತೆ, ನಿಮ್ಮ ಅಂಕಿ ಅರ್ಧಕ್ಕೆ ಇಳಿಯುತ್ತೆ. ಅವರು ಬರೋದು ಬೇಡಮ್ಮಾ." ನಾನಂದೆ, "ಸಾರ್, ಅವರಿಗೆ ನೀವು ಒಂದು ಕಾಸೂ ಕೊಡ್ತಿಲ್ವಲ್ಲ." "ಅದೇ ತೊಂದರೆ" ಅಂದ್ರು, "ಕಾಸು ಕೊಟ್ಟಿದ್ರೆ ಖರ್ಚು ಅಂತ ತೋರಿಸ್ಬೋದಿತ್ತು. ಕೊಡ್ದೇ ಇರೋದನ್ನ ಎಲ್ಲಿ ತೋರ್ಸೋದು?" ತಪ್ಪು ಅವರದ್ದಲ್ಲ ಮಗ, ಅವರ ತಲೆ ಮೇಲೂ ಯಾರದ್ದೋ ಗೆರೆ ಇತ್ತು. ಸರಿ ಸಾರ್ ಅಂತ ಬಂದೆ. ಮನೇಲಿ ಹೇಳೋಕೆ ಬಾಯಿ ಬರ್ಲಿಲ್ಲ. ಮಾರನೇ ದಿನದ ಊರಿಗೆ ಅವರಾಗ್ಲೇ ತಕ್ಕಡಿ ಮುಳ್ಳಿಗೆ ಎಣ್ಣೆ ಬಿಟ್ಟು ಒರೆಸ್ತಿದ್ರು. ಇದೊಂದು ಊರು ಮುಗೀಲಿ, ವಾಪಸ್ ಬರ್ವಾಗ ಬಸ್ಸಲ್ಲಿ ಹೇಳಿದ್ರಾಯ್ತು ಅಂದ್ಕೊಂಡೆ.

ಆ ಊರಲ್ಲಿ ಚೀಟಿ ಬಿದ್ದದ್ದು ಸೆಲ್ವಿ ಅನ್ನೋ ಹೆಂಗಸಿನ ಗದ್ದೆಗೆ. ಗಂಡ ಎಲ್ಲೋ ಕಟ್ಟಡ ಕೆಲಸಕ್ಕೆ ಹೋಗ್ತಿದ್ದ, ನಮ್ಮ ಪೆರುಂಗುಡಿ ಕಡೇಗೇ ಇರ್ಬೇಕು. ಬೇಸಾಯ ಎಲ್ಲಾ ಇವಳದ್ದು. ಬಾಯಿ ಜೋರು, ಮನಸ್ಸು ಮೆತ್ತಗೆ. ಗದ್ದೆ ಮೂಲೇಲಿ ನಾಲ್ಕು ಕಂಬದ ಮೇಲೆ ಒಂದು ಅಟ್ಟಣೆ, ಅದರ ಮೇಲೆ ಒಬ್ಬ ಮುದುಕ, ಅವಳ ಮಾವ, ಮುನುಸಾಮಿ ಅಂತ. ಕಣ್ಣು ಪೂರ್ತಿ ಹೋಗಿತ್ತು. ಕೈಯಲ್ಲಿ ಒಂದು ಎಣ್ಣೆ ಡಬ್ಬ, ಒಂದು ಕೋಲು. ಆಗಾಗ ಢಣ ಢಣ ಅಂತ ಬಡಿದು, "ಹೋ... ಹೋ..." ಅಂತ ಕೂಗೋನು. ಗಂಟಲು ಇನ್ನೂ ಗಟ್ಟಿ ಇತ್ತು. ನಾವು ಗೂಟ ಹೊಡೆದ್ವಿ, ಕುಯ್ಸಿದ್ವಿ, ಬಡಿಸಿದ್ವಿ. ನಿಮ್ಮ ತಾತ ಗಳು ಹಿಡಿದ್ರು, ನಾನು ಬೊಟ್ಟು ಇಟ್ಟೆ, ಮುಳ್ಳು ನೆಟ್ಟಗೆ ನಿಲ್ತು. ಆಮೇಲೆ ನಾನು ಬದು ಮೇಲೆ ಕೂತು ಸೆಲ್ವೀನ ಕೇಳೋಕೆ ಶುರು ಮಾಡ್ದೆ. ಉಳೋಕೆ ಎಷ್ಟು ಆಳು, ನಾಟಿಗೆ ಎಷ್ಟು, ಕಳೆ ಕೀಳೋಕೆ ಎಷ್ಟು. ಎಲ್ಲಾ ಹೇಳಿದ್ಲು. "ಹಕ್ಕಿ ಕಾಯೋಕೆ?" ಅಂದೆ. "ಯಾರೂ ಇಲ್ಲ" ಅಂದ್ಲು. ನಾನು ಅಟ್ಟಣೆ ಕಡೆ ನೋಡ್ದೆ. ಅವಳು ನನ್ನ ಕೈ ಹಿಡ್ಕೊಂಡು ದನಿ ತಗ್ಗಿಸಿದ್ಲು, "ಅದನ್ನ ಬರೀಬೇಡಿ ಅಕ್ಕಾ."

ನಿಮ್ಮ ತಾತ ಪಕ್ಕದಲ್ಲೇ ಭತ್ತ ಚೀಲಕ್ಕೆ ತುಂಬ್ತಿದ್ದವರು ತಲೆ ಎತ್ತಿದ್ರು. "ಯಾಕಮ್ಮಾ ಬರೀಬಾರ್ದು? ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಆ ಮನುಷ್ಯ ಒಂದು ಕ್ಷಣ ಸುಮ್ನೆ ಕೂತಿಲ್ಲ. ಅದು ಕೆಲಸ ಅಲ್ವಾ?" ಅಂದ್ರು. ನಂಗೂ ಹೇಳಿದ್ರು, "ಬರಿ ಕಣೇ, ಪೂರ್ತಿ ಆಳು ಅಂತ ಬರಿ. ಆಫೀಸಿನೋರು ಮುದುಕರನ್ನ ಮಕ್ಕಳ ಜೊತೆ ಸೇರಿಸಿ ಅರ್ಧ ಮಾಡಿದ್ರೆ ನಾನು ಬಂದು ಕೇಳ್ತೀನಿ." ಸೆಲ್ವಿ ಅತ್ತ ಇತ್ತ ನೋಡಿದ್ಲು. "ಅಯ್ಯೋ ಸಾರ್, ಮೆಲ್ಲಗೆ. ಕಿವಿ ಚೆನ್ನಾಗಿ ಕೇಳುತ್ತೆ ಅವರಿಗೆ" ಅಂದ್ಲು. ಆಮೇಲೆ ಹೇಳಿದ್ಲು ನೋಡಿ. "ಹಕ್ಕಿ ಎಲ್ಲಿದೆ ಸಾರ್? ರೋಡು ಅಗಲ ಮಾಡ್ವಾಗ ಸಾಲಿನ ಆಲದ ಮರ, ಹುಣಸೆ ಮರ ಎಲ್ಲಾ ಕಡಿದ್ರಲ್ಲ, ಅವತ್ತಿಂದ ಗಿಳಿ ಇಲ್ಲ, ಗುಬ್ಬಚ್ಚಿ ಇಲ್ಲ. ಆಕಾಶ ಒರೆಸಿಟ್ಟ ಹಾಗಿದೆ, ನೀವೇ ನೋಡಿ. ಮಾವನಿಗೆ ಗೊತ್ತಿಲ್ಲ. ಉಳೋಕಾಗಲ್ಲ, ಕುಯ್ಯೋಕಾಗಲ್ಲ, ಅನ್ನ ದಂಡ ಅಂತ ಗಂಜಿ ಮುಟ್ತಿರ್ಲಿಲ್ಲ. ಹಕ್ಕಿ ಕಾಟ ತಡೆಯೋಕಾಗಲ್ಲ ಮಾವಾ ಅಂತ ನಾನೇ ತಂದು ಕೂರಿಸ್ದೆ. ಸಾಯಂಕಾಲ ಇಳಿಸ್ಕೊಂಡು ಹೋಗ್ವಾಗ, ಇವತ್ತು ಹಿಂಡು ಹಿಂಡಾಗಿ ಬಂದಿತ್ತು, ನೀವಿಲ್ದಿದ್ರೆ ಒಂದು ಕಾಳೂ ಉಳೀತಿರ್ಲಿಲ್ಲ ಅಂತೀನಿ. ಖುಷಿಯಾಗಿ ಊಟ ಮಾಡ್ತಾರೆ. ಅಷ್ಟೇ ಸಾರ್. ಅದನ್ನ ಹೇಗೆ ಬರೀತೀರಾ?"

ಅಷ್ಟರಲ್ಲಿ ಮೇಲಿಂದ ಮುದುಕ ಕೂಗಿದ, "ಸೆಲ್ವೀ, ಯಾರು ಬಂದಿರೋದು?" ಇವಳು ಕೂಗಿದ್ಲು, "ಸರ್ಕಾರದೋರು ಮಾವಾ, ಭತ್ತ ತೂಗೋಕೆ." ನಾವು ಸರ್ಕಾರದೋರಲ್ಲ, ಇರ್ಲಿ. "ಹಕ್ಕಿ ತಿನ್ಲಿಲ್ಲ ಅಂತ ಬರ್ಕೊಳೋಕೆ ಹೇಳು. ಒಂದು ತೆನೆ ಬಿಟ್ಟಿಲ್ಲ ನಾನು" ಅಂದ. ನಿಜ ಕಣೇ, ಒಂದು ತೆನೆ ಹಾಳಾಗಿರ್ಲಿಲ್ಲ. ನಾನು ಹೂಂ ಅಂತ ಕೂಗೋಕೆ ಮೊದ್ಲೇ ನಿಮ್ಮ ತಾತ ಕೂಗಿದ್ರು, ಅವರ ಆ ಮಿಲ್ಲಿನ ತಮಿಳಲ್ಲಿ, "ಎಳುದಿಯಾಚ್ಚು ಐಯಾ, ಬರೆದಾಯ್ತು, ಪೂರ್ತಿ ಬರೆದಾಯ್ತು" ಅಂತ. ಆಮೇಲೆ ಚೀಲದ ಬಾಯಿ ಕಟ್ಟಿದ್ರು. ಕಟ್ಟಿದ ಗಂಟನ್ನ ಬಿಚ್ಚಿ ಮತ್ತೆ ಕಟ್ಟಿದ್ರು. ತಕ್ಕಡಿ ಹೆಗಲಿಗೆ ಹಾಕ್ಕೊಂಡು ನನಗಿಂತ ಮುಂದೆ ಹೊರಟ್ರು, ಯಾವತ್ತೂ ಹಿಂದೆ ಬರೋರು.

ಬಸ್ಸಲ್ಲಿ ಜಾಗ ಸಿಕ್ತು. ನಾನು ಸೇತು ಸಾರ್ ವಿಷಯ ಹೇಗೆ ತೆಗೆಯೋದು ಅಂತ ಕೂತಿದ್ದೆ. ಕೇಳಂಬಾಕ್ಕಂ ದಾಟ್ತು, ಶೋಳಿಂಗನಲ್ಲೂರ್ ದಾಟ್ತು. ಆಮೇಲೆ ನಿಮ್ಮ ತಾತ ಕಿಟಕಿ ಕಡೆ ನೋಡ್ತಾ ಕೇಳಿದ್ರು, "ಈ ತಕ್ಕಡಿ ನಿಜವಾಗ್ಲೂ ಭಾರಾನಾ?" ನಾನು, "ಅಂದ್ರೆ?" ಅಂದೆ. "ನಿನ್ನೊಬ್ಬಳ ಕೈಲಿ ಆಗಲ್ವಾ ಅಂತ." "ಆಗಲ್ಲ ರೀ, ಭಾರ ನಿಮಗೇ ಗೊತ್ತಿಲ್ವಾ, ಗಳು ಹಿಡಿಯೋಕೆ ಯಾರಿದಾರೆ?" ಅಂದೆ. ಅವರು ತಲೆ ಆಡ್ಸಿದ್ರು, ಸೆಲ್ವಿ ಮಾತಿಗೆ ಆ ಮುದುಕ ಆಡಿಸ್ತಿರ್ಬೋದಲ್ಲ, ಹಾಗೆ, ಮೆತ್ತಗೆ. ಇನ್ನೊಂದು ಕೇಳಿದ್ರು. "ಮಹಡಿ ಮೇಲೆ ಕಾಗೆ ಬರ್ತವಲ್ಲಾ. ಅವಾದ್ರೂ ನಿಜ ತಾನೆ?" ಕಣ್ಣಿದ್ದ ಮನುಷ್ಯ ಕಣೇ. ದಿನಾ ತಾನೇ ಓಡಿಸಿದ ಕಾಗೆ. ನನ್ನ ಕೇಳ್ತಾ ಇದಾರೆ, ನಿಜವಾ ಅಂತ. "ಹುಚ್ಚಾ ನಿಮಗೆ" ಅಂದೆ. ಅದೊಂದೇ ಬಾಯಿಗೆ ಬಂದದ್ದು.

ಆಮೇಲೆ ಅವರು ಬರ್ಲಿಲ್ಲ. ಜಗಳ ಆಡ್ಲಿಲ್ಲ. ಮುಂದಿನ ಊರಿಗೆ ಹೊರಡೋ ಬೆಳಿಗ್ಗೆ, "ಮೊಣಕಾಲು ನೋವು, ನೀನು ಹೋಗ್ಬಾ" ಅಂದ್ರು. ಗಡ್ಡ ತೆಗೆದಿರ್ಲಿಲ್ಲ. ಸೇತು ಸಾರ್ ಹೇಳಿದ್ದನ್ನ ನಾನು ಹೇಳೋ ಅಗತ್ಯವೇ ಬೀಳ್ಲಿಲ್ಲ, ಆಫೀಸು ಏನು ಬಯಸಿತ್ತೋ ಅದು ತಾನಾಗೇ ಆಯ್ತು. ನನ್ನ ಅಂಕಿ ಮೇಲೆ ಹೋಯ್ತು. ಅಪ್ಪುರಂ, ಆಮೇಲೇನಾಯ್ತು ಅಂತ ಕೇಳ್ತೀಯಲ್ಲ, ಹೇಳ್ತೀನಿ ಇರು. ನಾನೊಬ್ಬಳೇ ಹೋದೆ. ಒಂದು ಊರಲ್ಲಿ ಗಳು ಹಿಡಿಯೋಕೆ ಯಾರೂ ಸಿಗ್ದೇ ಒಂದು ತುದೀನ ಎತ್ತಿನಗಾಡಿ ಮೂಕಿಮರದ ಮೇಲಿಟ್ಟು, ಇನ್ನೊಂದು ತುದೀನ ಹೆಗಲ ಮೇಲಿಟ್ಕೊಂಡು, ಬಗ್ಗಿ ಬೊಟ್ಟು ಇಡೋಕೆ ಹೋದೆ. ಗಾಡಿ ಜರುಗ್ತು. ಕಬ್ಬಿಣದ ಬೊಟ್ಟು ಕಾಲಿನ ಮೇಲೆ ಬಿತ್ತು. ಹೆಬ್ಬೆರಳು ಜಜ್ಜಿಹೋಯ್ತು, ಆ ಊರಿನೋರೇ ಬಟ್ಟೆ ಸುತ್ತಿ ಬಸ್ಸು ಹತ್ತಿಸಿದ್ರು. ಆಫೀಸಲ್ಲಿ ನನ್ನ ಕಾಲು ನೋಡಿ ಸೇತು ಸಾರ್ ಮುಖ ಬಿಳಿಚ್ಕೊಳ್ತು. ಮೇಲಿನವರ ಹತ್ರ ಹೋಗಿ ಬಡಿದಾಡಿ, ಆ ವಾರದಲ್ಲೇ ಒಪ್ಪಿಗೆ ತಂದ್ರು, ತೂಗೋಕೆ ಒಬ್ಬ ಸಹಾಯಕ ಇರ್ಬೋದು, ಕೂಲಿ ಕೊಡ್ತೀವಿ ಅಂತ. "ನಿಮ್ಮ ಯಜಮಾನ್ರನ್ನೇ ಕರ್ಕೊಂಡ್ಹೋಗಿ ಅಮ್ಮಾ, ಈಗ ಅವರಿಗೂ ಕಾಲಂ ಇದೆ" ಅಂದ್ರು.

ನಾನು ಕುಂಟ್ಕೊಂಡು ಓಡಿ ಬಂದೆ ಕಣೇ ಮನೆಗೆ. ಪುರಸೈವಾಕ್ಕಂ ಮನೆ ಮೆಟ್ಟಿಲು ಕಡಿದಾಗಿತ್ತು, ಹಿಡ್ಕೊಳೋಕೆ ಹಗ್ಗ ಕಟ್ಟಿತ್ತು, ಅದನ್ನ ಹಿಡಿದು ಹತ್ತಿದೆ. ಅವರು ಕಿಟಕಿ ಪಕ್ಕ ಕೂತಿದ್ರು. ಒಂದೇ ಉಸಿರಲ್ಲಿ ಹೇಳ್ದೆ, "ರೀ, ಆಫೀಸಿನೋರೇ ಹೇಳಿದಾರೆ, ನೀವು ಬರ್ಲೇಬೇಕು, ಕೂಲಿ ಕೊಡ್ತಾರೆ, ಒಬ್ಬರ ಕೈಲಿ ಆಗಲ್ಲ ಅಂತ ಅವರಿಗೂ ಗೊತ್ತಾಯ್ತು, ನೋಡಿ, ನನ್ನ ಕಾಲು ನೋಡಿ." ಅವರು ನೋಡಿದ್ರು. ಎದ್ದು ಬಂದು ಕೆಳಗೆ ಕೂತು ಕಟ್ಟು ಬಿಚ್ಚಿ, ನೀರು ಕಾಯಿಸಿ ತೊಳೆದು, ಮತ್ತೆ ಕಟ್ಟು ಕಟ್ಟಿದ್ರು. ಎಷ್ಟು ಹಗುರವಾಗಿ ಅಂತೀಯಾ, ಮಗ್ಗದ ನೂಲು ಕಟ್ಟಿದ ಕೈ ಅದು. ತಲೆ ಎತ್ತದೇನೇ ಹೇಳಿದ್ರು, "ನನಗೋಸ್ಕರ ಕಾಲು ಜಜ್ಕೊಳೋ ಅಷ್ಟು ದೂರ ಹೋಗ್ಬಾರ್ದಾಗಿತ್ತು ಕಣೇ ನೀನು."

ಬೇಕಂತ ಮಾಡ್ಕೊಂಡಿದ್ದಲ್ಲ ಅಂತ ನಾನು ಆಣೆ ಇಟ್ಟೆ. ನಂಜುಂಡೇಶ್ವರನ ಮೇಲೆ ಆಣೆ ಇಟ್ಟೆ. ಸೇತು ಸಾರ್‌ನ ಮನೆಗೇ ಕರ್ಕೊಂಡು ಬಂದೆ, ಪಾಪ ಆ ಮನುಷ್ಯ ಮೆಟ್ಟಿಲು ಹತ್ತಿ ಬಂದು, ಕಾಫಿ ಕುಡಿದು, "ಸಾರ್, ನಿಜವಾಗಿ ನೀವು ಬೇಕು ಸಾರ್" ಅಂದ್ರು. ಇವರು ಕೈ ಮುಗಿದ್ರು, "ನಿಮ್ಮದು ದೊಡ್ಡ ಮನಸ್ಸು ಸಾರ್" ಅಂದ್ರು. ಎಷ್ಟು ಜನ ಸೇರಿ ಹೇಳ್ತೀವೋ ಅಷ್ಟು ಜನ ಸೇರಿ ನಾಟಕ ಆಡ್ತಿದೀವಿ ಅಂತ ಅವರಿಗೆ ಗಟ್ಟಿ ಆಗ್ತಾ ಹೋಯ್ತು. ಮಹಡಿ ಮೇಲೆ ಭತ್ತ ನಾನೇ ಹರಡ್ತಿದ್ದೆ. ಕಾಗೆ ಬಂದು ತಿಂದು ಹೋಗೋವು, ಒಣಗಿದ ತೂಕ ತಪ್ಪಿ ಬರೋದು. "ನೋಡಿ ರೀ, ಕಾಗೆ ತಿಂದ್ಬಿಟ್ವು" ಅಂದ್ರೆ ಸುಮ್ನೆ ನಗೋರು. ಯಾರನ್ನೋ ಇಟ್ಕೊಂಡೆ ಗಳು ಹಿಡಿಯೋಕೆ, ಕೆಲಸ ನಡೀತು. ಇವರು ಮತ್ತೆ ಹಸಿವಿಲ್ಲ ಅನ್ನೋಕೆ ಶುರು ಮಾಡಿದ್ರು. ಡಾಕ್ಟ್ರ ಹತ್ರ ಹೋದ್ವಿ, ಹೊಟ್ಟೇಲಿ ಏನೂ ಇಲ್ಲ ಅಂದ್ರು. ಅದು ನನಗೂ ಗೊತ್ತಿತ್ತು. ನಿಮ್ಮಪ್ಪನಿಗೆ ಕೆಲಸ ಸಿಗೋವರೆಗೂ ಇದ್ರು. ಈ ಅಣ್ಣಾ ನಗರದ ಮನೆ ನೋಡೋಕೆ ಇರ್ಲಿಲ್ಲ.

ರಿಪೋರ್ಟ್ ಬಂತು ಅದರ ಮಧ್ಯೆ. ದಪ್ಪ ಪುಸ್ತಕ, ಬಣ್ಣದ ನಕ್ಷೆ. ಸೆಲ್ವಿ ಇದ್ದ ಆ ಸೀಮೆ ಗೆರೆಯಿಂದ ಬಹಳ ಕೆಳಗಿತ್ತು. ಇಷ್ಟು ಭತ್ತಕ್ಕೆ ಇಷ್ಟು ಆಳು ಬೇಕಿಲ್ಲ, ಹೆಚ್ಚಾದ ಆಳು ಬೇರೆ ಉದ್ಯೋಗಕ್ಕೆ ಹೋಗ್ಬೇಕು ಅಂತ ಬರೆದಿತ್ತು. ಆ ಬೇರೆ ಉದ್ಯೋಗದಿಂದ ಹೆಚ್ಚಾಗಿ ಬಂದ ಆಳು ನಮ್ಮನೆ ಕಿಟಕಿ ಪಕ್ಕ ಕೂತಿದ್ದ. ಮುನುಸಾಮೀನ ನಾನು ಪೂರ್ತಿ ಆಳು ಅಂತಲೇ ಬರೆದಿದ್ದೆ, ಇವರು ಕೂಗಿ ಹೇಳಿದ್ರಲ್ಲ, ಅದಕ್ಕೆ. ಆಫೀಸಲ್ಲಿ ಯಾರೋ ಹೊಡೆದು ಹಾಕಿದ್ರು, ಹಕ್ಕಿ ಇಲ್ಲದ ಕಡೆ ಹಕ್ಕಿ ಕಾಯೋ ಆಳು ಬರಲ್ಲ ಅಂತ. ಲೆಕ್ಕ ಸರಿಯಾಗೇ ಇತ್ತು. ಲೆಕ್ಕದಲ್ಲಿ ನಾನು ಇವತ್ತಿಗೂ ತಪ್ಪು ಹುಡುಕ್ಲಾರೆ.

ಅಳ್ಬೇಡ್ವೇ, ಆಗಿಹೋದ ಮಾತು. ನಾನು ಹೇಳೋದು ಇಷ್ಟೇ. ಯಾರಾದ್ರೂ ನಿಮ್ಮ ಜೊತೆ ಬಂದು ಒಂದು ಕೈ ಹಿಡಿದ್ರೆ, ನೀನಿಲ್ದೆ ಆಗ್ತಿರ್ಲಿಲ್ಲ ಅಂತ ಅವತ್ತೇ ಹೇಳ್ಬಿಡಿ, ಸಾರಿನ ಉಪ್ಪಿನ ಹಾಗೆ, ಕುದೀತಿರುವಾಗಲೇ ಹಾಕ್ಬೇಕು ಅದನ್ನ. ತಣ್ಣಗಾದ್ಮೇಲೆ ಎಷ್ಟು ಸುರಿದ್ರೂ ಮೇಲೆ ಮೇಲೇ ನಿಲ್ಲುತ್ತೆ.